ಬಂದೋಬಸ್ತ್ ಹಿಂದಿನ ರಾಜಕೀಯ ಕಂಡುಹಿಡಿಯೋದು ಹೇಗೆ?

ಚಿಕ್ಕಮಗಳೂರಿನ ಆಜಾದ್ ಪಾರ್ಕ್ ಸರ್ಕಲ್‌ನಲ್ಲಿ ಯಾರೇ ಪ್ರತಿಭಟನೆ ಮಾಡಲಿ, ಮಾರನೇ ದಿನ ಟೀ ಅಂಗಡಿಯಲ್ಲಿ ಒಂದೇ ಮಾತು: ಪೊಲೀಸರು ಸರ್ಕಾರ ಹೇಳಿದ ಹಾಗೆ ಕುಣಿತಾರೆ. ಇರಬಹುದು. ಆದರೆ ಲಾಠಿ ವಿಡಿಯೊ ನೋಡಿ ಸುಮ್ನೆ ತೀರ್ಮಾನ ಮಾಡಬೇಡಿ, ಕಾಗದ ಹುಡುಕಿ.

ಮೊದಲು ನಿಷೇಧಾಜ್ಞೆ ಓದಿ. ನಾವು ಇನ್ನೂ 144 ಅಂತಲೇ ಅಂತೀವಿ, 2024ರ ಜುಲೈ 1ರಿಂದ ಅದು ಹಳೇ ಸಿಆರ್‌ಪಿಸಿ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಬೆಂಗಳೂರಲ್ಲಿ ಪೊಲೀಸ್ ಕಮಿಷನರೇ ಹೊರಡಿಸುತ್ತಾರೆ. ಹಾಸನ, ಚಿಕ್ಕಮಗಳೂರಲ್ಲಿ ಸಾಮಾನ್ಯವಾಗಿ ಡಿಸಿ ಸಹಿ ಇರುತ್ತೆ. ಅದರಲ್ಲಿ ಕಾರಣ ಏನು ಬರೆದಿದ್ದಾರೆ? "ಶಾಂತಿಭಂಗದ ಸಾಧ್ಯತೆ" ಅಂತ ಒಂದು ಸಾಲು ಬರೆದು ಬಿಟ್ಟಿದ್ದರೆ ಅನುಮಾನ ಪಡಿ, ಯಾಕಂದ್ರೆ ಆದೇಶದಲ್ಲಿ ನಿಜವಾದ ಕಾರಣ ಇರಲೇಬೇಕು, ಬರೀ ಭಿನ್ನಾಭಿಪ್ರಾಯ ಅಡಗಿಸೋಕೆ ಇದನ್ನ ಬಳಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲೇ ಹೇಳಿದೆ. ಪೌರತ್ವ ಕಾಯ್ದೆ ಗಲಾಟೆ ಹೊತ್ತಲ್ಲಿ, 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹಾಕಿದ್ದ ಆದೇಶ ಕಾನೂನುಬಾಹಿರ ಅಂತ ನಮ್ಮ ಹೈಕೋರ್ಟ್ ಮರು ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು.

ಆಮೇಲೆ ಹೋಲಿಸಿ. ಆನೆ ತುಳಿದು ಸತ್ತವರ ಹೆಣ ಇಟ್ಟು ಮೂಡಿಗೆರೆ ಕಡೆ ರಸ್ತೆ ತಡೆದರೆ ಪೊಲೀಸರು ಎಷ್ಟು ಹೊತ್ತು ಕಾಯುತ್ತಾರೆ? ಅದೇ ರಸ್ತೆಯನ್ನ ಬೇರೆ ಬಾವುಟದವರು ತಡೆದರೆ? ಹಿಂದಿನ ರಾತ್ರಿಯೇ ಯಾರನ್ನ ಎತ್ತಿಕೊಂಡು ಹೋದರು? ಮುಂಜಾಗ್ರತೆ ಅಂತ ಬಂಧಿಸಿದವರನ್ನ 24 ಗಂಟೆ ಮೀರಿ ಇಟ್ಟುಕೊಳ್ಳಬೇಕಾದರೆ ಬೇರೆ ಕಾನೂನಿನ ಆಧಾರ ಬೇಕು. ಹಾಗಂತ ಎಲ್ಲದಕ್ಕೂ ಸಿದ್ಧಾಂತದ ಬಣ್ಣ ಬಳಿಯಬೇಡಿ. ದತ್ತ ಜಯಂತಿಗೆ ಯಾವ ಪಕ್ಷದ ಸರ್ಕಾರ ಇದ್ದರೂ ಬಾಬಾಬುಡನ್‌ಗಿರಿಯಲ್ಲಿ ಖಾಕಿ ತುಂಬಿರುತ್ತೆ, ಅಲ್ವಾ?

ನನ್ನ ಪ್ರಕಾರ ನಿಜವಾದ ಬಣ್ಣ ಗೊತ್ತಾಗೋದು ಗಲಾಟೆ ತಣ್ಣಗಾದ ಮೇಲೆ, ಕೇಸ್ ವಾಪಸ್ ತಗೊಳ್ಳೋವಾಗ. 2020ರಲ್ಲಿ ಬಿಜೆಪಿ ಸರ್ಕಾರ ಜನಪ್ರತಿನಿಧಿಗಳ ಮೇಲಿದ್ದ 61 ಕೇಸ್ ಕೈಬಿಡೋಕೆ ಹೊರಟಿತು, ಹೈಕೋರ್ಟ್ ತಡೆಯಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ಹುಬ್ಬಳ್ಳಿ ಗಲಭೆಯದ್ದೂ ಸೇರಿ 43 ಕೇಸ್ ವಾಪಸಿಗೆ ಆದೇಶ ಮಾಡಿತು, 2025ರ ಮೇನಲ್ಲಿ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ರೈತರ ಕೇಸ್ ಎಷ್ಟು, ಕಾರ್ಯಕರ್ತರ ಕೇಸ್ ಎಷ್ಟು, ಮುಖಂಡರದ್ದೆಷ್ಟು ಅಂತ ಆ ಪಟ್ಟಿಯನ್ನ ಬಿಡಿಸಿ ನೋಡಿ.

ಕಾಗದ ಸಿಗಲಿಲ್ಲ ಅಂದ್ರೆ ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ, ಒಂದೇ ವಿಷಯ, 150 ಪದದೊಳಗೆ. "ಪಕ್ಷಪಾತ ಯಾಕೆ" ಅಂತ ಕೇಳಿದರೆ ಉತ್ತರ ಬರಲ್ಲ. ಕಳೆದ ವರ್ಷ ಪ್ರತಿಭಟನೆಗೆ ಬಂದ ಅರ್ಜಿಗಳು, ಅನುಮತಿ ಕೊಟ್ಟಿದ್ದು, ನಿರಾಕರಿಸಿದ್ದು, ನಿರಾಕರಣೆ ಆದೇಶದ ಪ್ರತಿ, ಇಷ್ಟೇ ಕೇಳಿ.