ಒಡೆದ ವೇರಿಸ್ಟರ್, ಕೆಂಪಾದ ಸ್ಟಿಕ್ಕರ್: ವಾರಂಟಿ ಕೆಲಸದಲ್ಲಿ ನನ್ನ ಅನುಭವ

ಹೊಸನಗರದ ಹತ್ತಿರ ಒಂದು ಅಡಿಕೆ ತೋಟದ ಮನೆ. ಜುಲೈ ತಿಂಗಳ ಮಳೆ. ಟಿವಿ ಕೊಂಡು ಎಂಟು ತಿಂಗಳಾಗಿತ್ತು. ಹಿಂದಿನ ರಾತ್ರಿ ಟಪ್ ಅಂತ ಸದ್ದಾಗಿ ನಿಂತುಹೋಗಿತ್ತು. ಆಗ ನಾನು ಒಂದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಮನೆಯ ಯಜಮಾನರು ಬಿಲ್ಲು, ವಾರಂಟಿ ಕಾರ್ಡು ಎರಡನ್ನೂ ಪ್ಲಾಸ್ಟಿಕ್ ಕವರಿನಿಂದ ತೆಗೆದು ಮುಂದಿಟ್ಟರು. "ಒಂದು ವರ್ಷ ಗ್ಯಾರಂಟಿ ಇದೆ, ಅಲ್ವಾ?" ಎಂದರು.

ಮಂಚದ ಮೇಲೆ ಕಂಬಳಿ ಹಾಸಿ, ಟಿವಿಯನ್ನು ಬೋರಲು ಮಲಗಿಸಿ, ಹಿಂದಿನ ಕವರ್ ಬಿಚ್ಚಿದೆ. ಪವರ್ ಬೋರ್ಡಿನಲ್ಲಿ ಕರೆಂಟು ಒಳಗೆ ಬರುವ ಜಾಗದಲ್ಲೇ ಅಂಗಿಯ ಗುಂಡಿಯಷ್ಟು ಅಗಲದ ನೀಲಿ ಬಿಲ್ಲೆಯೊಂದು ಇರುತ್ತದೆ. ಅದಕ್ಕೆ ವೇರಿಸ್ಟರ್ ಅನ್ನುತ್ತಾರೆ. ವೋಲ್ಟೇಜು ಮಿತಿ ಮೀರಿದ ಕೂಡಲೇ ಅದು ಕರೆಂಟನ್ನು ತನ್ನ ಮೂಲಕ ಹರಿಯಲು ಬಿಟ್ಟು ಫ್ಯೂಸ್ ಹಾರುವಂತೆ ಮಾಡುತ್ತದೆ. ತಾನು ಸತ್ತು ಮುಂದಿನ ಭಾಗಗಳನ್ನು ಉಳಿಸುವ ಕೆಲಸ ಅದರದ್ದು. ಈ ಟಿವಿಯಲ್ಲಿ ಆ ಬಿಲ್ಲೆ ಎರಡು ಹೋಳಾಗಿತ್ತು. ಎದುರಿನ ಕವರಿಗೆ ಮಸಿ ಮೆತ್ತಿಕೊಂಡಿತ್ತು. ಸುಟ್ಟ ವಾಸನೆ ಇನ್ನೂ ಇತ್ತು.

"ನಿನ್ನೆ ಫ್ಯಾನು ಇದ್ದಕ್ಕಿದ್ದ ಹಾಗೆ ಜೋರಾಗಿ ತಿರುಗಿತಾ?" ಎಂದು ಕೇಳಿದೆ.

"ಹೌದು ಮಾರಾಯ್ರೆ, ಎರಡು ಬಲ್ಬೂ ಹೋದವು. ಲೈನಿನ ಮೇಲೆ ಮರ ಬಿದ್ದಿತ್ತಂತೆ."

ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ ಹೋಗುವ ತಂತಿ, ತುಂಡಾಗಿತ್ತು. ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಬೇರೆ ಬೇರೆ ಫೇಸಿನ ಮನೆಗಳು ಒಂದಕ್ಕೊಂದು ಸರಣಿಯಾಗಿ ಸೇರಿಕೊಳ್ಳುತ್ತವೆ. ಆಗ ಕಡಿಮೆ ಲೋಡ್ ಇರುವ ಮನೆಗೆ 400 ವೋಲ್ಟ್ ಹತ್ತಿರ ಹತ್ತಿರ ನುಗ್ಗಬಹುದು. ಟಿವಿಯಲ್ಲಿ ತಪ್ಪಿರಲಿಲ್ಲ. ಆ ಯಜಮಾನರದ್ದೂ ತಪ್ಪಿರಲಿಲ್ಲ. ಆದರೂ ನಾನು ಜಾಬ್ ಶೀಟಿನಲ್ಲಿ 'ವಾರಂಟಿ ಇಲ್ಲ' ಎಂದು ಬರೆಯಲೇಬೇಕಾಯಿತು. ಅವರು ಕಾರ್ಡನ್ನು ಮತ್ತೆ ಕವರಿನೊಳಗೆ ಹಾಕಿದ ರೀತಿ ನನಗೆ ಇವತ್ತಿಗೂ ನೆನಪಿದೆ.

ಆ ದಿನದಿಂದ ನಾನೊಂದು ಅಭ್ಯಾಸ ಮಾಡಿಕೊಂಡೆ. ಇಲ್ಲ ಅನ್ನುವ ಮೊದಲು ಯಾಕೆ ಇಲ್ಲ ಅನ್ನುವುದನ್ನು ಬೋರ್ಡಿನ ಮೇಲೇ ಬೆರಳಿಟ್ಟು ತೋರಿಸುವುದು. ವಾರಂಟಿ ಅಂದರೆ ಕಂಪನಿ ಹೇಳುವ ಮಾತು ಇಷ್ಟೇ: ನಮ್ಮ ಫ್ಯಾಕ್ಟರಿಯಲ್ಲಿ ಆದ ತಪ್ಪಿಗೆ ನಾವು ಜವಾಬ್ದಾರರು. ಸಾವಿರ ಟಿವಿ ತಯಾರಿಸಿದರೆ ಎಷ್ಟರಲ್ಲಿ ಬೆಸುಗೆ ಬಿಡುತ್ತದೆ ಅಂತ ಅವರು ಅಂದಾಜು ಮಾಡಿ, ಆ ಖರ್ಚನ್ನು ಬೆಲೆಯಲ್ಲೇ ಸೇರಿಸಿರುತ್ತಾರೆ. ಸಿಡಿಲು, ಮರ, ಇಲಿ, ನೀರು ಇವು ಆ ಲೆಕ್ಕದಲ್ಲಿ ಇರುವುದಿಲ್ಲ. ಅದು ವಿಮೆಯ ಲೆಕ್ಕ. ಅಂಗಡಿಯಲ್ಲಿ ದುಡ್ಡು ಕೊಟ್ಟು ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಳ್ಳುವವರು ಇದನ್ನು ಗಮನಿಸಬೇಕು. ಅದರಲ್ಲಿ ಸಾಮಾನ್ಯವಾಗಿ ವರ್ಷ ಜಾಸ್ತಿಯಾಗುತ್ತದೆಯೇ ಹೊರತು ಒಳಗೊಳ್ಳುವ ವಿಷಯ ಜಾಸ್ತಿಯಾಗುವುದಿಲ್ಲ. ಬಿದ್ದದ್ದು, ಒಡೆದದ್ದು ಬೇಕಾದರೆ ಬೇರೆಯದೇ ಪ್ಲಾನ್ ಇರುತ್ತದೆ.

ನಮ್ಮ ಕಡೆ ಹಲ್ಲಿ, ಇರುವೆಗಳ ಕಾಟ ದೊಡ್ಡದು. ಏಸಿಯ ಹೊರಗಿನ ಯೂನಿಟ್ ಬೆಚ್ಚಗಿರುತ್ತದೆ, ಹಲ್ಲಿಗೆ ಅದು ಇಷ್ಟ. ಬೋರ್ಡಿನ ಎರಡು ಪಿನ್ನುಗಳ ಮಧ್ಯೆ ಅದು ಅಡ್ಡ ಬಿದ್ದರೆ ಶಾರ್ಟ್ ಆಗಿ ಎಲ್ಲ ಮುಗಿಯಿತು. ಘಟ್ಟದ ಕೆಳಗೆ ಕುಂದಾಪುರ, ಭಟ್ಕಳದ ಕಡೆ ಉಪ್ಪು ಗಾಳಿಗೆ ಏಸಿಯ ಕಾಯಿಲ್ (ಗ್ಯಾಸ್ ಹರಿಯುವ ಕೊಳವೆ) ತುಕ್ಕು ಹಿಡಿದು ಗ್ಯಾಸ್ ಸೋರುತ್ತದೆ. ಹೆಚ್ಚಿನ ಕಾರ್ಡುಗಳಲ್ಲಿ ಇವೆಲ್ಲ ಹೊರಗೇ.

ಇನ್ನು ಫ್ರಿಜ್ಜಿನ ಮೇಲೆ ಅಂಟಿಸುವ '10 ವರ್ಷ ವಾರಂಟಿ' ಸ್ಟಿಕ್ಕರು. ಹೆಚ್ಚು ಜಗಳ ಆಗುವುದು ಇದರಿಂದಲೇ. ಆ ಹತ್ತು ವರ್ಷ ಕಂಪ್ರೆಸರ್ ಅನ್ನುವ ಒಂದು ಭಾಗಕ್ಕೆ ಮಾತ್ರ. ಪೂರ್ತಿ ಫ್ರಿಜ್ಜಿಗೆ ಬಹುತೇಕ ಒಂದೇ ವರ್ಷ. ಐದನೇ ವರ್ಷ ಕಂಪ್ರೆಸರ್ ಹೋದರೆ ಹೊಸ ಕಂಪ್ರೆಸರ್ ಪುಕ್ಕಟೆ ಬರುತ್ತದೆ. ಆದರೆ ಅದನ್ನು ಕೂರಿಸಲು ಪೈಪ್ ಕತ್ತರಿಸಬೇಕು. ಪೈಪ್ ತೆರೆದ ಮೇಲೆ ತೇವ ಹೀರುವ ಫಿಲ್ಟರ್ ಡ್ರೈಯರ್ ಬದಲಿಸಬೇಕು, ಒಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡಬೇಕು, ಹೊಸದಾಗಿ ಗ್ಯಾಸ್ ತುಂಬಬೇಕು. ಇದೆಲ್ಲದರ ಜೊತೆ ಕೂಲಿಯೂ ಸಾಮಾನ್ಯವಾಗಿ ಗ್ರಾಹಕರ ಮೇಲೆಯೇ. ನಾನು ಮನೆಗೆ ಹೋಗುವ ಮೊದಲೇ ಫೋನಿನಲ್ಲಿ ಈ ಖರ್ಚು ಹೇಳಿಬಿಡುತ್ತಿದ್ದೆ. ಅಡುಗೆಮನೆಯಲ್ಲಿ ನಿಂತು ಹೇಳಿದರೆ ಮೋಸ ಅನಿಸುತ್ತದೆ, ಅನಿಸುವುದು ಸಹಜ ಕೂಡ. ಆ ಸ್ಟಿಕ್ಕರಿನಲ್ಲಿ 'ಕಂಪ್ರೆಸರ್' ಅನ್ನುವ ಪದವನ್ನು 10ರಷ್ಟೇ ದಪ್ಪಕ್ಕೆ ಅಚ್ಚು ಹಾಕಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಕಂಪನಿಯ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಕಾರಣ ಹುಡುಕುವ ಕೆಲಸವನ್ನು ಅರ್ಧಕ್ಕೇ ಬಿಟ್ಟು 'ಇಲ್ಲ' ಅನ್ನುವುದು ಬೇರೆ. ಫೋನುಗಳಲ್ಲಿ ಇದನ್ನು ನಾನು ತುಂಬಾ ನೋಡಿದ್ದೇನೆ. ಫೋನಿನೊಳಗೆ ಒಂದು ಪುಟ್ಟ ಬಿಳಿ ಸ್ಟಿಕ್ಕರ್ ಇರುತ್ತದೆ, ಕೆಲವು ಮಾಡೆಲ್‌ಗಳಲ್ಲಿ ಸಿಮ್ ಹಾಕುವ ಸಂದಿಯಲ್ಲೇ ಕಾಣುತ್ತದೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ಟಾರ್ಚ್ ಹಾಕಿ ನೋಡಿ, ಕೆಂಪು ಕಂಡರೆ ಫೋನನ್ನು ವಾಪಸ್ ಕೊಡುವವರಿದ್ದಾರೆ. ಧೂಳು, ನೀರು ತಡೆಯುವ ಪರೀಕ್ಷೆ ಪಾಸಾದ ಗುರುತಾಗಿ ಐಪಿ68 ಅಂತ ಬರೆದಿರುವ ಫೋನಿಗೂ ಇದೇ ಗತಿ. ಆ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಶುದ್ಧ ನೀರಿನಲ್ಲಿ. ಒಳಗಿನ ಅಂಟು, ರಬ್ಬರು ದಿನ ಕಳೆದ ಹಾಗೆ ಸಡಿಲವಾಗುತ್ತವೆ. ಹಾಗಾಗಿ ನೀರಿನ ಹಾನಿಗೆ ಮಾಮೂಲಿ ವಾರಂಟಿ ಕೊಡುವವರು ತೀರಾ ಕಡಿಮೆ.

ಸಾಗರದ ಒಬ್ಬ ಕಾಲೇಜು ಹುಡುಗಿಯ ಫೋನು ನನ್ನ ಟೇಬಲ್ಲಿಗೆ ಬಂದಿತ್ತು. ಡಿಸ್‌ಪ್ಲೇ ಮೇಲೆ ಹಸಿರು ಗೆರೆ, ಸ್ಟಿಕ್ಕರ್ ಕೆಂಪು. ಕೌಂಟರಿನಲ್ಲಿ ಆಗಲೇ ಇಲ್ಲ ಅಂದಾಗಿತ್ತು. ಅವಳು ಅಳುವುದೊಂದು ಬಾಕಿ. ನನಗೆ ಸುಮ್ನೆ ಕಳಿಸಲು ಮನಸ್ಸಾಗಲಿಲ್ಲ, ಬಿಚ್ಚಿದೆ. ನೀರು ನಿಜವಾಗಿ ಬೋರ್ಡಿಗೆ ಇಳಿದಿದ್ದರೆ ಕನೆಕ್ಟರಿನ ಪಿನ್ನುಗಳ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿರುತ್ತದೆ, ಬೋರ್ಡಿನ ಲೋಹದ ಮುಚ್ಚಳದ (ಶೀಲ್ಡಿನ) ಅಂಚಿಗೆ ಕಲೆ ಇರುತ್ತದೆ. ಭೂತಗನ್ನಡಿ ಹಿಡಿದು ಹುಡುಕಿದೆ. ಏನೂ ಇರಲಿಲ್ಲ. ಡಿಸ್‌ಪ್ಲೇ ಕನೆಕ್ಟರ್ ಹೊಸದರ ಹಾಗೆ ಹೊಳೆಯುತ್ತಿತ್ತು. ಸಿಮ್ ಸಂದಿಯ ಬಾಯಲ್ಲಿ ಮಾತ್ರ ಒಂದು ಹನಿ ಬಿದ್ದಿರಬೇಕು. ಆರು ಫೋಟೊ ತೆಗೆದು, 'ಬೋರ್ಡಿನಲ್ಲಿ ತುಕ್ಕಿಲ್ಲ, ದೋಷ ಡಿಸ್‌ಪ್ಲೇ ಪ್ಯಾನೆಲಿನದ್ದು' ಎಂದು ಬರೆದು ಮೇಲಿನವರಿಗೆ ಕಳಿಸಿದೆ. ಎರಡು ಸಲ ತಿರಸ್ಕರಿಸಿದರು. ಮೂರನೇ ಸಲ ಒಪ್ಪಿದರು. ಡಿಸ್‌ಪ್ಲೇ ಪುಕ್ಕಟೆ ಬಂತು.

ಈಗ ನನ್ನದೇ ಸಣ್ಣ ಅಂಗಡಿ ಇದೆ. ವಾರಂಟಿ ಇರುವ ವಸ್ತು ತಂದರೆ ನಾನು ಮುಟ್ಟುವುದಿಲ್ಲ. ಹೊರಗಿನವರು ಬಿಚ್ಚಿದರು ಅನ್ನುವುದೇ ಅವರಿಗೆ ಒಂದು ಕಾರಣವಾಗುತ್ತದೆ. ಮೊದಲು ಸರ್ವಿಸ್ ಸೆಂಟರಿಗೇ ಹೋಗಿ, ಇಲ್ಲ ಅಂದರೆ ಯಾಕೆ ಅಂತ ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ, ಒಳಗಿನ ಫೋಟೊ ಕೇಳಿ ಅನ್ನುತ್ತೇನೆ. ಕಾರಣ ಸರಿ ಕಾಣದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಬೇಕೆಂದೂ ಇಲ್ಲ. ಬೇಕಾದರೆ ವಸ್ತುವನ್ನು ಲ್ಯಾಬ್ ಪರೀಕ್ಷೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಅಲ್ಲಿ ಕೆಲಸಕ್ಕೆ ಬರುವುದು ಆ ಜಾಬ್ ಶೀಟೇ.

ಹೊಸನಗರದ ಯಜಮಾನರು ಆ ಟಿವಿಯನ್ನು ಆಮೇಲೆ ನನ್ನ ಅಂಗಡಿಗೇ ತಂದರು. ಕಂಪನಿ ಪೂರ್ತಿ ಪವರ್ ಬೋರ್ಡ್ ಬದಲಿಸಬೇಕು ಎಂದಿತ್ತು. ನಾನು ವೇರಿಸ್ಟರ್, ಫ್ಯೂಸ್, ಬ್ರಿಡ್ಜ್ ರೆಕ್ಟಿಫೈಯರ್ ಮೂರನ್ನೇ ಬದಲಿಸಿದೆ, ಟಿವಿ ಎದ್ದಿತು. ಅವರ ಮನೆಯ ಮೇನ್ ಬೋರ್ಡಿಗೆ ವೋಲ್ಟೇಜ್ ಏರಿದರೆ ಕರೆಂಟನ್ನು ಕಡಿದುಹಾಕುವ ಪ್ರೊಟೆಕ್ಟರ್ ಒಂದನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿದೆವು. ಕಳೆದ ಮಳೆಗಾಲದಲ್ಲಿ ಅದು ಎರಡು ಸಲ ಕರೆಂಟು ಕಡಿಯಿತಂತೆ. ಟಿವಿ ಇನ್ನೂ ಓಡುತ್ತಿದೆ.