ಕಪ್ಪೆ ಮರಳಬೇಕಾದರೆ ಸರೋವರದಿಂದ ಟ್ರೌಟ್ ತೆಗೆಯುವ ಬಗೆ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಎತ್ತರದ ಸರೋವರಗಳಲ್ಲಿ ಮೊದಲು ಮೀನೇ ಇರಲಿಲ್ಲ. ಕೆಳಗಿನ ಜಲಪಾತಗಳು ಹತ್ತಗೊಡುತ್ತಿರಲಿಲ್ಲ. 19ನೇ ಶತಮಾನದಲ್ಲಿ ಹೇಸರಗತ್ತೆಗಳ ಮೇಲೆ, ಆಮೇಲೆ ವಿಮಾನದಿಂದ ಟ್ರೌಟ್ ಮೀನು ತಂದು ಬಿಟ್ಟರು, ಗಾಳ ಹಾಕುವವರ ಖುಷಿಗೆ. ಪೆಟ್ಟು ಬಿದ್ದದ್ದು ಹಳದಿಗಾಲಿನ ಕಪ್ಪೆಗೆ. ಅದರ ಗೊದಮೊಟ್ಟೆ ಕಪ್ಪೆಯಾಗಲು ಕೆಲವು ವರ್ಷಗಳೇ ಬೇಕು, ಹಾಗಾಗಿ ಚಳಿಗಾಲದಲ್ಲಿ ತಳದವರೆಗೂ ಹೆಪ್ಪುಗಟ್ಟದ ಆಳದ ನೀರೇ ಆಗಬೇಕು. ಟ್ರೌಟ್ ನೆಲೆಸುವುದೂ ಅಲ್ಲೇ, ಗೊದಮೊಟ್ಟೆಗಳನ್ನು ತಿಂದುಹಾಕುತ್ತದೆ.

ಮೊದಲು ಹಾನಿ ನೋಡಿಕೊಳ್ಳಿ. ಬೇಸಿಗೆಯ ಬಿಸಿಲಿರುವ ಮಧ್ಯಾಹ್ನ ದಡ ಸುತ್ತಿ. ಬೆಚ್ಚಗಿನ ಅಂಚಿನಲ್ಲಿ ಗೊದಮೊಟ್ಟೆಗಳ ಗುಂಪು, ಬರಿಗಣ್ಣಿಗೆ ಕಾಣುವ ಕೆಂಪು ಛಾಯೆಯ ಕೋಪಿಪಾಡ್ ಎಂಬ ಪುಟ್ಟ ಜಲಜೀವಿ, ಈಜುವ ಜೀರುಂಡೆ ಇವೆಯೇ? ಇವೆಲ್ಲ ಒಟ್ಟಿಗೆ ಮಾಯವಾಗಿದ್ದರೆ ಮೀನಿನ ಮೇಲೆ ಅನುಮಾನ ಪಡಿ.

ಸರೋವರದ ಆಯ್ಕೆಯಲ್ಲೇ ಅರ್ಧ ಗೆಲುವು. ಟ್ರೌಟನ್ನು ಬಲೆ ಹಾಕಿ ತೆಗೆಯಲು ಒಗ್ಗುವುದು ಸುಮಾರು 3 ಹೆಕ್ಟೇರ್‌ಗಿಂತ ಚಿಕ್ಕ, 10 ಮೀಟರಿಗಿಂತ ಕಡಿಮೆ ಆಳದ ನೀರು. ಹೊರಹರಿವಿನ ಕೆಳಗೆ ಮೀನು ಏರಲಾಗದ ಜಲಪಾತ ಇರಲೇಬೇಕು. ಇಲ್ಲದಿದ್ದರೆ ನೀವು ಮೀನು ತೆಗೆದಷ್ಟೂ ಕೆಳಗಿನಿಂದ ಬರುತ್ತಲೇ ಇರುತ್ತದೆ. ಮೀನು ಕೊಲ್ಲಲು ಬಳಸುವ ರೋಟೆನೋನ್ ವಿಷ ಬೇಡ, ಅದು ಗೊದಮೊಟ್ಟೆಯನ್ನೂ ಕೊಲ್ಲುತ್ತದೆ. ಮೀನು-ವನ್ಯಜೀವಿ ಇಲಾಖೆಯ ಪರವಾನಗಿ ಇಲ್ಲದೆ ಕೆಲಸಕ್ಕೇ ಇಳಿಯಬೇಡಿ.

ಬಲೆ ತಳಕ್ಕೆ ಮುಳುಗುವ ಜಾತಿಯದ್ದಾಗಿರಲಿ: 36 ಮೀಟರ್ ಉದ್ದ, 1.8 ಮೀಟರ್ ಎತ್ತರ, 6 ಮೀಟರಿಗೊಂದರಂತೆ ಆರು ತುಂಡು, ತುಂಡಿಗೊಂದು ಅಳತೆಯ ಕಣ್ಣುಗಳು, 10 ಮಿ.ಮೀ.ನಿಂದ 38 ಮಿ.ಮೀ.ವರೆಗೆ. ಒಂದೇ ಅಳತೆಯ ಕಣ್ಣಾದರೆ ದೊಡ್ಡವು ಸಿಕ್ಕಿ ಮರಿಗಳು ನುಸುಳುತ್ತವೆ, ಎರಡು ವರ್ಷದಲ್ಲಿ ಮತ್ತೆ ಅದೇ ಕಥೆ. ದಡದಿಂದ ನೇರವಾಗಿ ಒಳಕ್ಕೆ ಹಾಯಿಸಿ, ಸಣ್ಣ ಕಣ್ಣಿನ ತುದಿ ದಡದ ಕಡೆಗಿರಲಿ, ಮರಿಗಳು ಓಡಾಡುವುದು ಅಲ್ಲೇ. ಮೊದಲ ದಿನಗಳಲ್ಲಿ ದಿನವೂ ಬಿಡಿಸಿ. ತುಂಬಿದ ಬಲೆ ಹೊಸ ಮೀನು ಹಿಡಿಯುವುದಿಲ್ಲ. ಸತ್ತ ಮೀನಿನ ಗಾಳಿಚೀಲ ಚುಚ್ಚಿ ಆಳದಲ್ಲಿ ಮುಳುಗಿಸಿದರೆ ಪೋಷಕಾಂಶ ಅಲ್ಲೇ ಉಳಿಯುತ್ತದೆ.

ಸರೋವರ ಬರಿದಾದಂತೆ ಕಂಡರೂ ತೊರೆಗಳಲ್ಲಿ ಮರಿ ಉಳಿದಿರುತ್ತವೆ. ನೀರಿಗೆ ವಿದ್ಯುತ್ ಹಾಯಿಸಿ ಮೀನನ್ನು ಮಂಕಾಗಿಸುವ, ಬೆನ್ನಿಗೆ ಹೊರುವ ಯಂತ್ರದಿಂದ ಅವನ್ನು ಹಿಡಿಯಿರಿ, ಬಲೆಯನ್ನು ಚಳಿಗಾಲವಿಡೀ ಮಂಜುಗಡ್ಡೆಯಡಿಯಲ್ಲೇ ಬಿಡಿ. ಮರುಬೇಸಿಗೆ ಕರಗಿದ ಮೇಲೆ ಎತ್ತಿದಾಗ ಒಂದೇ ಒಂದು ಮರಿ ಸಿಕ್ಕರೂ ಕೆಲಸ ಮುಗಿದಿಲ್ಲವೆಂದೇ ಲೆಕ್ಕ.

ಪಕ್ಕದ ಹೊಂಡದಲ್ಲಿ ಕಪ್ಪೆಗಳಿದ್ದರೆ ತಾವೇ ಬರುತ್ತವೆ. ಇಲ್ಲವಾದರೆ ಬೇರೆಡೆಯಿಂದ ತಂದು ಬಿಡಬೇಕು, ಅದಕ್ಕೂ ಮುಂಚೆ ಕಪ್ಪೆಗಳಿಗೆ ರೋಗ ತರುವ ಕೈಟ್ರಿಡ್ ಶಿಲೀಂಧ್ರದ ಪರೀಕ್ಷೆ ಮಾಡಿಸಬೇಕು. ಬೂಟು, ಬಲೆಗಳನ್ನು ಸೋಂಕು ಕಳೆದು, ಪೂರ್ತಿ ಒಣಗಿಸಿಯೇ ಮುಂದಿನ ಸರೋವರಕ್ಕೆ ಒಯ್ಯಿರಿ.