ಮುರಕಲ್ಲಿನ ಪಾದೆಯಲ್ಲಿ ಗಾರ್ಡನ್ ಮಾಡಿದ ನನ್ನ ಅನುಭವ

ಮೊನ್ನೆ ಏಪ್ರಿಲ್ ಕೊನೆಗೆ ಕೇರಳದ ಕಾಸರಗೋಡು ಜಿಲ್ಲೆಯ ಸೀತಾಂಗೋಳಿ ಹತ್ರ ನಾನು ಗಾರ್ಡನ್ ಮಾಡಿಕೊಟ್ಟ ಒಂದು ಮನೆಯ ಸೈಟಿಗೆ ಹೋಗಿದ್ದೆ. ಅಡಿಯಲ್ಲಿ ಪೂರ್ತಿ ಮುರಕಲ್ಲಿನ ಪಾದೆ, ಅಂದ್ರೆ ಮಣ್ಣೇ ಇಲ್ಲದ ಕೆಂಪು ಜಂಬಿಟ್ಟಿಗೆ ಬಂಡೆ. ಮೂರನೇ ಬೇಸಿಗೆ ಅದಕ್ಕೆ. ಈ ವರ್ಷ ಒಂದು ಕೊಡ ನೀರೂ ಹಾಕ್ಲಿಲ್ಲ, ಆದ್ರೂ ಕೇಪಳದ ಪೊದೆ ಕೆಂಪಗೆ ಹೂ ಬಿಟ್ಟು ನಿಂತಿದೆ, ಕಾಲಿಗೆ ಚಪ್ಪಲಿ ಇಲ್ಲದಿದ್ರೆ ನಿಲ್ಲಲಿಕ್ಕೆ ಆಗದಷ್ಟು ಕಾದ ಕಲ್ಲಿನ ಮೇಲೆ. ಫೋಟೋ ತೆಗೆದು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. "ಪಾದೆಯಲ್ಲಿ ಎಂತ ಬರ್ತದೆ ಮಾರಾಯ, ನಿಂಗೆ ಮರ್ಲು" ಅಂತ ಹೇಳಿದವನೇ ಮೊದಲು ಮೆಸೇಜ್ ಮಾಡಿದ್ದು, ರೇಟ್ ಎಷ್ಟು ಹಾಕಿದ್ದಿ ಅಂತ. ಅವನಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತೇನೆ, ಹಾರ್ಟಿಕಲ್ಚರ್ ಮಾಡಿ ಎಂತ ಮಾಡುವುದು ಅಂತ ಕೇಳುವ ಹುಡುಗರೂ ಓದ್ಲಿ.

ನಾನು ಬದಿಯಡ್ಕ ಕಡೆಯವ. ಅಡಿಕೆ ತೋಟದ ಮನೆ, ತೋಟದ ಮೇಲ್ಗಡೆ ಬರೀ ಪಾದೆ. ಪ್ಲಸ್ ಟೂ ಆದ ಮೇಲೆ ಕರ್ನಾಟಕದ ಹೊರಗಿನ ಕನ್ನಡಿಗ ಅಂತ ಕೊಡುವ ಹೊರನಾಡು-ಗಡಿನಾಡು ಸರ್ಟಿಫಿಕೇಟ್ ಹಿಡ್ಕೊಂಡು ಸಿಇಟಿ ಬರೆದೆ. ಒಂದನೇ ಕ್ಲಾಸಿಂದ ಕನ್ನಡ ಮೀಡಿಯಂನಲ್ಲಿ ಕಲಿತವನಿಗೂ ಆಗ ಬೆಂಗಳೂರಿಗೆ ಹೋಗಿ ಕನ್ನಡ ಬರ್ತದಾ ಅಂತ ಪರೀಕ್ಷೆ ಕೊಡ್ಬೇಕಿತ್ತು, ಆ ನಗೆ ಇನ್ನೂ ಹೋಗ್ಲಿಲ್ಲ. ಮೂಡಿಗೆರೆ ತೋಟಗಾರಿಕೆ ಕಾಲೇಜಲ್ಲಿ ಸೀಟ್ ಸಿಕ್ತು. ನಾಲ್ಕು ವರ್ಷ. ಊರಲ್ಲಿ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು, ಗಿಡಕ್ಕೆ ನೀರು ಹಾಕ್ಲಿಕ್ಕೆ ನಾಲ್ಕು ವರ್ಷ ಕಲೀಬೇಕಾ ಅಂತ.

ಕೋರ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕಲಿತವರಿಗೆ ಗೊತ್ತುಂಟು. ಹಣ್ಣು, ತರಕಾರಿ, ಪ್ಲಾಂಟೇಶನ್ ಬೆಳೆ ಅಂತ ಹೋಗಿ ಹೋಗಿ ಅಲಂಕಾರದ ಗಿಡ, ಹುಲ್ಲು, ಪಾರ್ಕು ಇವುಗಳಿಗೆ ಬಿಎಸ್ಸಿಯಲ್ಲಿ ಸಿಗುವುದು ಬೆರಳೆಣಿಕೆಯ ಪೇಪರ್. ಎಮ್ಮೆಸ್ಸಿಯಲ್ಲಿ ಫ್ಲೋರಿಕಲ್ಚರ್ ಆಂಡ್ ಲ್ಯಾಂಡ್‌ಸ್ಕೇಪ್ ಅಂತ ಬೇರೆ ವಿಭಾಗ ಇದೆ. ಹೊರದೇಶದಲ್ಲಿ ಇದಕ್ಕೆ ಎನ್ವಿರಾನ್‌ಮೆಂಟಲ್ ಹಾರ್ಟಿಕಲ್ಚರ್ ಅಂತಾರೆ, ಫ್ಲೋರಿಡಾ ಯೂನಿವರ್ಸಿಟಿಯಲ್ಲಿ ಆ ಹೆಸರಿನ ಡಿಪಾರ್ಟ್‌ಮೆಂಟೇ ಉಂಟು. ತಿನ್ನುವ ಬೆಳೆ ಅಲ್ಲ, ಜನ ಇರುವ ಜಾಗದ ಗಿಡ. ನಾನು ಎಮ್ಮೆಸ್ಸಿ ಮಾಡ್ಲಿಲ್ಲ, ದುಡ್ಡಿರ್ಲಿಲ್ಲ, ಆ ವರ್ಷ ಕೊಳೆರೋಗ ಬಂದು ಅರ್ಧ ಅಡಿಕೆ ಉದುರಿತ್ತು.

ನಮ್ಮ ಬ್ಯಾಚಿನವರು ಈಗ ಎಲ್ಲಿದ್ದಾರೆ ಅಂದ್ರೆ, ಇಬ್ಬರು ತೋಟಗಾರಿಕೆ ಇಲಾಖೆಯಲ್ಲಿ, ಮೂರೋ ನಾಲ್ಕೋ ಜನ ಬ್ಯಾಂಕಲ್ಲಿ ಅಗ್ರಿಕಲ್ಚರ್ ಫೀಲ್ಡ್ ಆಫೀಸರ್, ಸುಮಾರು ಜನ ಗೊಬ್ಬರ-ಔಷಧಿ ಕಂಪೆನಿಯಲ್ಲಿ ಟಾರ್ಗೆಟ್ ಅಂತ ಬೈಕಲ್ಲಿ ಸುತ್ತುವುದು, ಒಬ್ಬಳು ಪಿಎಚ್‌ಡಿ ಮುಗಿಸಿದ್ಳು, ಒಬ್ಬ ಬೆಂಗಳೂರಲ್ಲಿ ಗಾಲ್ಫ್ ಕೋರ್ಸಿನ ಹುಲ್ಲು ನೋಡ್ಕೊಳ್ತಾನೆ. ಅವನ ಹುಲ್ಲು ಕತ್ತರಿಸುವ ಅಳತೆ ಮೂರು-ನಾಲ್ಕು ಮಿಲಿಮೀಟರ್, ನಮ್ಮ ಅಂಗಳದ ಹುಲ್ಲು ಮೊಣಕಾಲಿಗೆ ಬಂದ್ರೂ ಯಾರೂ ಕೇಳುವುದಿಲ್ಲ, ಅವನ ಸಂಬಳ ನಮ್ಮೆಲ್ಲರಿಗಿಂತ ಜಾಸ್ತಿ. ನಾನು ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆ ಒಂದ್ಸಲ ಬರೆದೆ, ಲಿಸ್ಟಲ್ಲಿ ಹೆಸರು ಬರ್ಲಿಲ್ಲ. ಬೆಂಗಳೂರಲ್ಲಿ ಒಂದು ಲ್ಯಾಂಡ್‌ಸ್ಕೇಪ್ ಕಂಪೆನಿಗೆ 14 ಸಾವಿರಕ್ಕೆ ಸೇರಿದೆ. ಕೊನೆಯ ಎರಡು ತಿಂಗಳ ಸಂಬಳ ಇವತ್ತಿಗೂ ಬರ್ಲಿಲ್ಲ, ಹೆಸರು ಹೇಳುವುದು ಬೇಡ. ಆದ್ರೆ ಕೊಟೇಶನ್ ಬರೆಯಲಿಕ್ಕೆ, ಲೇಬರ್ ಲೆಕ್ಕ ಹಾಕ್ಲಿಕ್ಕೆ ಅಲ್ಲೇ ಕಲಿತದ್ದು, ಕಾಲೇಜಲ್ಲಿ ಅದನ್ನು ಯಾರೂ ಕಲಿಸ್ಲಿಲ್ಲ.

ಊರಿಗೆ ಬಂದು ಮಾಡಿದ ಮೊದಲ ಕೆಲಸವೇ ಲಗಾಡಿ. ಉಪ್ಪಳ ಕಡೆ ಗಲ್ಫಲ್ಲಿರುವವರ ಮನೆ, ಎಂಟು ಸೆಂಟ್ಸ್ ಅಂಗಳ, ಅಡಿಯಲ್ಲಿ ಸೀದಾ ಕಲ್ಲು. ಅವರಿಗೆ ಲಾನ್ ಬೇಕು, ಪಾಮ್ ಬೇಕು. ಅರ್ಧ ಅಡಿ ಕೆಂಪುಮಣ್ಣು ಹೊಡೆಸಿ ಮೆಕ್ಸಿಕನ್ ಗ್ರಾಸ್ ಹಾಸಿದೆ, ಆಂಧ್ರದ ಕಡಿಯಂನಿಂದ ಲೋಡ್ ತರಿಸುವ ನರ್ಸರಿಯಿಂದ ಫಾಕ್ಸ್‌ಟೈಲ್ ಪಾಮ್ ತಂದೆ. ಜುಲೈ ಮಳೆಗೆ ಮಣ್ಣು ಗೇಟಿನಿಂದ ಹೊರಗೆ ರೋಡಿಗೆ ಹೋಯ್ತು, ಉಳಿದದ್ದು ಮಾರ್ಚಲ್ಲಿ ಹಪ್ಪಳ. ಬಾವಿಯಲ್ಲಿ ನೀರಿಲ್ಲ, ಟ್ಯಾಂಕರ್ ಒಂದಕ್ಕೆ ಸಾವಿರದಿನ್ನೂರು. 1.6 ಲಕ್ಷದ ಕೆಲಸ, ಅಡ್ವಾನ್ಸ್ 60 ಸಾವಿರ ಸಿಕ್ಕಿತ್ತು, ನಾನು ಹಾಕಿದ್ದು 1.4. ಬಾಕಿ ಕೇಳ್ಲಿಕ್ಕೆ ನನಗೇ ಮುಖ ಇರ್ಲಿಲ್ಲ. ಅಮ್ಮನ ಬಳೆ ಅಡವಿಟ್ಟು ಲೇಬರಿನವರಿಗೆ ಕೊಟ್ಟದ್ದು.

ಅದಾದ ಮೇಲೆ ಒಂದು ವರ್ಷ ಹೊರಗಿನ ಕೆಲಸ ತೆಗೊಳ್ಳದೆ ನಮ್ಮ ಪಾದೆಯಲ್ಲೇ ಕೂತೆ. ಯೋಚನೆ ಸಿಂಪಲ್, ಈ ಕಲ್ಲಿನ ಮೇಲೆ ಯಾರೂ ನೆಡದೆ ಬರುವುದು ಯಾವುದೋ ಅದನ್ನೇ ನೆಡುವುದು. ಕೇಪಳ, ನೆಕ್ಕರಿಕ, ಕುಂಟಾಲ, ಕರಂಡೆಯಂಥ ಗುಡ್ಡೆಯ ಪೊದೆಗಿಡ, ಬದಿಗೆ ಮರ ಬೇಕಾದ್ರೆ ರೆಂಜೆ, ಹೊನ್ನೆ. ಕಾಸರ್ಕವೂ ಉಂಟು, ಕಾಸರಗೋಡಿಗೆ ಆ ಮರದಿಂದಲೇ ಹೆಸರು ಬಂತು ಅಂತ ಹೇಳ್ತಾರೆ, ಆದ್ರೆ ಕಾಯಿ ವಿಷ, ಮಕ್ಕಳಿರುವ ಮನೆಗೆ ನಾನು ಕೊಡುವುದಿಲ್ಲ.

ಮೊದಲನೇ ಪ್ರಯೋಗ ಉಪ್ಪಿನದ್ದು. ಮುರಕಲ್ಲಲ್ಲಿ ತೆಂಗು ನೆಡುವಾಗ ಗುಂಡಿಗೆ ಎರಡು ಕೆಜಿ ಉಪ್ಪು ಹಾಕಿ ಆರು ತಿಂಗಳು ಬಿಟ್ರೆ ಕಲ್ಲು ಮೆತ್ತಗಾಗ್ತದೆ, ಇದು ಅಜ್ಜಂದಿರೂ ಮಾಡ್ತಿದ್ದದ್ದು, ಯೂನಿವರ್ಸಿಟಿಯವರೂ ಹೇಳುವುದು. ನಾನು ಬುದ್ಧಿವಂತ, ಸಣ್ಣ ಗುಂಡಿಗೂ ಅಷ್ಟೇ ಹಾಕಿ ಎರಡೇ ತಿಂಗಳಿಗೆ ಕೇಪಳ ನೆಟ್ಟೆ. ಎಲೆಯ ತುದಿ ಸುಟ್ಟ ಹಾಗಾಗಿ ಮೂವತ್ತಕ್ಕೆ ಮೂವತ್ತೂ ಹೋಯ್ತು. ತೆಂಗಿಗೆ ಉಪ್ಪು ಆಗ್ತದೆ, ಎಲ್ಲದಕ್ಕೂ ಆಗ್ಬೇಕಲ್ಲ.

ಆಮೇಲೆ ತೆಂಗಿನ ನಾರಿನ ಪುಡಿ. ಫ್ಯಾಕ್ಟರಿಯಿಂದ ಪುಕ್ಕಟೆ ಸಿಕ್ತದೆ ಅಂತ ಕಾಂಪೋಸ್ಟ್ ಮಾಡದೆ ಹಸಿಯೇ ತುಂಬಿಸಿದೆ. ಅದರ ಸಿ-ಎನ್ ರೇಶಿಯೋ (ಇಂಗಾಲಕ್ಕೂ ಸಾರಜನಕಕ್ಕೂ ಇರುವ ಅನುಪಾತ) ನೂರರ ಮೇಲೆ, ಕೊಳೆಯುವಾಗ ಗಿಡದ ಸಾರಜನಕವನ್ನೇ ಎಳ್ಕೊಳ್ತದೆ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದವ ನಾನೇ. ಗಿಡ ಹಳದಿ ತಿರುಗಿತು.

ಈಗ ನಿಜವಾದ ವಿಷಯ. ಜೂನಲ್ಲಿ ಮೊದಲ ಮಳೆಗೆ ನೆಡ್ತಿದ್ದೆ, ಎಲ್ಲರೂ ಹಾಗೇ ಮಾಡುವುದು. ಬೇಸಿಗೆಗೆ ಗಿಡ ಸಾಯ್ತದೆ, ನೀರು ಸಾಲುವುದಿಲ್ಲ ಅಂತ ನಾನೂ ನಂಬಿದ್ದೆ. ಒಂದು ಜುಲೈ, ಜೋರು ಮಳೆ, ನಾನು ಮತ್ತು ಕೆಲಸಕ್ಕೆ ಬರುವ ಅಜ್ಜ ತಲೆ-ಬೆನ್ನಿಗೆ ಎಲೆಯ ಗೊರಬೆ ಹಾಕ್ಕೊಂಡು ಪಾದೆಗೆ ಹೋದೆವು. ಒಂದು ನೆಕ್ಕರಿಕದ ಎಲೆ ಸ್ವಲ್ಪ ಬಾಡಿತ್ತು. ಮಳೆಗಾಲದಲ್ಲಿ ಬಾಡುವುದು ಎಂತಕ್ಕೆ ಅಂತ ಮೆಲ್ಲ ಎಳೆದೆ, ಗಿಡ ಇಡೀ ಕೈಗೆ ಬಂತು. ಬೇರು ಕಂದು ಬಣ್ಣ, ಬೆರಳಲ್ಲಿ ಹಿಡಿದು ಜಾರಿಸಿದ್ರೆ ಮೇಲಿನ ಸಿಪ್ಪೆ ಕೊಳವೆಯ ಹಾಗೆ ಕಳಚಿ ಬಂತು, ಒಳಗೆ ಬಿಳಿ ನೂಲಿನಂಥ ನಾರು ಮಾತ್ರ. ಕೆಸರಿನದ್ದೇ ಒಂದು ಕೆಟ್ಟ ವಾಸನೆ. ಅಜ್ಜ ಗುಂಡಿಗೆ ಕೈ ಹಾಕಿ ನೋಡಿ ತುಳುವಲ್ಲಿ ಹೇಳಿದ್ದು ಇಷ್ಟೇ, ಇದು ಗುಂಡಿ ಅಲ್ಲ, ಹಂಡೆ.

ಹಂಡೆಯೇ ಹೌದು. ನಾವು ಕಲ್ಲಲ್ಲಿ ಕೊರೆಯುವ ಗುಂಡಿಗೆ ತಳ ಕಲ್ಲು, ಬದಿ ಕಲ್ಲು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇರು ಎರಡು ತಿಂಗಳು ನೀರಲ್ಲಿ ಮುಳುಗಿ ಕೊಳೆತು ಹೋಗ್ತದೆ, ಮೇಲೆ ಎಲೆ ಹಸುರಾಗಿಯೇ ಇರ್ತದೆ, ಡಿಸೆಂಬರಲ್ಲಿ ಬಿಸಿಲು ಬಿದ್ದಾಗ ಒಣಗ್ತದೆ, ನಾವು ಬೇಸಿಗೆಗೆ ಬೈಯ್ಯುವುದು.

ಮುಂದಿನ ವರ್ಷ ಮೂರು ಗುಂಪು ಮಾಡಿ ನೆಟ್ಟೆ, ಅರುವತ್ತರವತ್ತು ಗಿಡ. ಒಂದು ಗುಂಪು ಜೂನಲ್ಲಿ ಮಾಮೂಲು ಹಾಗೆ. ಒಂದು ಸೆಪ್ಟೆಂಬರಲ್ಲಿ, ಗುಂಡಿ ಅದೇ. ಇನ್ನೊಂದು ಸೆಪ್ಟೆಂಬರಲ್ಲೇ, ಆದ್ರೆ ಗುಂಡಿಯ ತಗ್ಗಿನ ಬದಿಗೆ ಡ್ರಿಲ್ಲಲ್ಲಿ ಓರೆಯಾಗಿ ತೂತು ಕೊರೆದು ನೀರು ಹೊರಗೆ ಹೋಗುವ ಹಾಗೆ. ಪುಸ್ತಕದಲ್ಲಿ ಬರೆದಿಟ್ಟದ್ದು ಎಲ್ಲೋ ಹೋಯ್ತು, ನೆನಪಿನಿಂದ ಹೇಳ್ತೇನೆ, ಮರು ವರ್ಷ ಮೇ ತಿಂಗಳಿಗೆ ಜೂನಿನದ್ದು ಹದಿನಾಲ್ಕೋ ಹದಿನೈದೋ, ತೂತಿಲ್ಲದ ಸೆಪ್ಟೆಂಬರ್ ಮೂವತ್ತೈದರ ಹತ್ರ, ತೂತಿನದ್ದು ಐವತ್ತಕ್ಕಿಂತ ಮೇಲೆ ಉಳಿದಿತ್ತು. ಮಳೆ ಹೋಗುವಾಗ ಯಾರು ಮಾರಾಯ್ರೇ ಗಿಡ ನೆಡುವುದು ಅಂತ ನೆರೆಮನೆಯ ಭಟ್ರು ನಕ್ಕಿದ್ರು. ಅಕ್ಟೋಬರ್-ನವೆಂಬರಿನ ತುಲಾ ತಿಂಗಳ ಮಳೆ ಇದೆಯಲ್ಲ, ಮಧ್ಯಾಹ್ನ ಮೇಲೆ ಗುಡುಗಿ ಒಂದು ಗಂಟೆ ಸುರಿದು ಹೋಗುವುದು, ಬೇರು ಹಿಡೀಲಿಕ್ಕೆ ಅಷ್ಟು ಸಾಕು.

ಗಿಡ ಸಣ್ಣದೇ ಆಗ್ಬೇಕು. ರೂಟ್ ಟ್ರೇನರಲ್ಲಿ (ಬೇರು ಸುತ್ತದೆ ಸೀದಾ ಇಳಿಯುವ ಹಾಗೆ ಮಾಡಿದ ಪ್ಲಾಸ್ಟಿಕ್ ಕಪ್ಪಲ್ಲಿ) ಮಾಡಿದ ಗೇಣುದ್ದದ್ದು. ದೊಡ್ಡ ಪಾಲಿಥಿನ್ ತೊಟ್ಟೆಯಲ್ಲಿ ಎರಡು ವರ್ಷ ಕೂತ ಗಿಡದ ಬೇರು ಒಳಗೇ ಸುತ್ತಿರ್ತದೆ, ಕಲ್ಲಿನ ಸಂದು ಹುಡುಕ್ಲಿಕ್ಕೆ ಅದಕ್ಕೆ ಬರುವುದಿಲ್ಲ. ಗುಂಡಿಗೆ ಕಲ್ಲು ಕೊಯ್ಯುವ ಕೋರೆಯಲ್ಲಿ ರಾಶಿ ಬಿದ್ದ ಕೆಂಪು ಪುಡಿ, ಕೊಳೆತ ನಾರಿನ ಪುಡಿ, ಮೇಲಿಂದ ದರಗು, ಅಂದ್ರೆ ಒಣ ಎಲೆ. ಇನ್ನೊಂದು ವಸ್ತು ಒಂದು ಮುಷ್ಟಿ ಸೇರಿಸ್ತೇನೆ, ಅದು ಯಾವುದು ಅಂತ ಹೇಳುವುದಿಲ್ಲ, ಹೊಟ್ಟೆಪಾಡು. ಕುಂಟಾಲದ ಬೀಜ ಮೊಳಕೆ ಬರಿಸುವ ಉಪಾಯವೂ ಹಾಗೇ.

ಗುಂಡಿ ಎಲ್ಲಿ ತೆಗೀಬೇಕು ಅಂತ ಹೇಳ್ತೇನೆ, ಅದರಲ್ಲಿ ಗುಟ್ಟಿಲ್ಲ. ಜುಲೈಯಲ್ಲಿ ಜೋರು ಮಳೆಗೆ ಕೊಡೆ ಹಿಡ್ಕೊಂಡು ಸೈಟಲ್ಲಿ ನಿಲ್ಲುವುದು. ನೀರು ನಿಲ್ಲುವಲ್ಲಿ ಒಂದು ಬಣ್ಣ ಹಾಕಿ ಗುರುತು ಮಾಡುವುದು, ಹರಿದು ಬಂದು ಮಾಯ ಆಗುವಲ್ಲಿ ಇನ್ನೊಂದು ಬಣ್ಣ. ಮಾಯ ಆಗುವಲ್ಲಿ ಬಿರುಕು ಉಂಟು, ಕಬ್ಬಿಣದ ಸರಳು ಹಾಕಿದ್ರೆ ಇಳೀತದೆ. ಗಿಡ ಅಲ್ಲಿ. ಇಲ್ಲಿ ನೀರಿಗೆ ಅಂತ ಗುಡ್ಡದೊಳಗೆ ಸುರಂಗ ತೋಡುವವರಿಗೆ ಇದೆಲ್ಲ ಮೊದಲೇ ಗೊತ್ತು, ನಾನು ಡಿಗ್ರಿ ಮಾಡಿ ಕಂಡುಹಿಡಿದದ್ದು ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ತದೆ.

ಸೀತಾಂಗೋಳಿ ಸೈಟಿನ ಲೆಕ್ಕ. ಹನ್ನೆರಡು ಸೆಂಟ್ಸ್, 260 ಚಿಲ್ಲರೆ ಗುಂಡಿ, ಒಂದೊಂದರಲ್ಲಿ ಮೂರು ನಾಲ್ಕು ಗಿಡ, ಎಲ್ಲ ಸೇರಿ ಸಾವಿರದ ಹತ್ರ. ಕಲ್ಲು ಒಡೆಯುವ ಬ್ರೇಕರ್ ಬಾಡಿಗೆ, ಇಬ್ಬರು ಆಳು, ಹದಿನಾರು ದಿನ, ಅದಕ್ಕೇ 45 ಸಾವಿರ ಹೋಯ್ತು. ಗಿಡ ನನ್ನದೇ ಆದ್ರೂ ಒಂದಕ್ಕೆ 35 ಹಾಕಿದೆ. ಪುಡಿ, ದರಗು, ಸಾಗಾಟ 15 ಸಾವಿರ. ಮೊದಲನೇ ಬೇಸಿಗೆಗೆ ಮಾತ್ರ ವಾರಕ್ಕೊಮ್ಮೆ ಗುಂಡಿಗೆ ಎರಡು ಲೀಟರ್ ನೀರು, ಅದರ ಆಳಿನ ಖರ್ಚು ಹತ್ತು ಸಾವಿರ. ಬಿಲ್ ಮಾಡಿದ್ದು 1.75 ಲಕ್ಷ, ಕೈಯಲ್ಲಿ ಉಳಿದದ್ದು ಎಪ್ಪತ್ತು ಸಾವಿರದ ಹತ್ರ. ಇಷ್ಟೇ ಜಾಗಕ್ಕೆ ಮಣ್ಣು ಹೊಡೆಸಿ ಲಾನ್ ಹಾಕಿದ್ರೆ ಎರಡು ಲಕ್ಷ ದಾಟ್ತದೆ, ಮೇಲಿಂದ ಪ್ರತೀ ಬೇಸಿಗೆ ಟ್ಯಾಂಕರ್.

ಆ ಮನೆಯವರನ್ನು ಒಪ್ಪಿಸ್ಲಿಕ್ಕೆ ಆದ ಕಷ್ಟ ಬೇರೆ. ಇದೆಲ್ಲ ಕಾಡುಗಿಡ, ಗುಡ್ಡೆಯಲ್ಲಿ ಧರ್ಮಕ್ಕೆ ಇದೆ, ಇದಕ್ಕೆ ದುಡ್ಡಾ ಅಂತ. ಕೊನೆಗೆ ನಾನೇ ಹೇಳಿದೆ, ಕಾಲು ಭಾಗ ದುಡ್ಡು ಎರಡನೇ ಬೇಸಿಗೆ ಕಳೆದ ಮೇಲೆ ಕೊಡಿ, ಗಿಡ ಸತ್ರೆ ಬೇಡ. ಫೀಲ್ಡಿನವರೆಲ್ಲ ಬೈದ್ರು, ರೇಟ್ ಹಾಳು ಮಾಡ್ತಿ ಅಂತ. ದುಡ್ಡು ಬಂತು, ಹೇಳಿದ ತಿಂಗಳಿಗೇ.

ಹೂವಿನ ಲೆಕ್ಕ ಲಾಲ್‌ಬಾಗಿನಿಂದ ಕದ್ದದ್ದು. ಹಿಂದೆ ಲಾಲ್‌ಬಾಗ್ ನೋಡ್ಕೊಳ್ತಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್ ಬೆಂಗಳೂರಲ್ಲಿ ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಶುರು ಆಗುವ ಹಾಗೆ ನೆಡಿಸಿದ್ದು ಎಲ್ಲರೂ ಓದಿದ್ದೇ. ನಾನು ಅದನ್ನೇ ಪಾದೆಗೆ ಇಳಿಸಿದೆ, ಕರಂಡೆ ಮತ್ತು ಕುಂಟಾಲದ ಬಿಳಿ ಫೆಬ್ರವರಿ ಮಾರ್ಚಿಗೆ, ಕೇಪಳ ಮೇ ತನಕ, ಮಳೆ ಶುರುವಾದ ಮೇಲೆ ನೆಕ್ಕರಿಕದ ನೇರಳೆ.

ಓಣಂ ಹೊತ್ತಿಗೆ ಒಂದು ಗ್ಯಾಪ್ ಉಳೀತಿತ್ತು. ಅದಕ್ಕೆ ಪದವಿನಲ್ಲಿ, ಅಂದ್ರೆ ಬಯಲು ಪಾದೆಯಲ್ಲಿ, ಮಳೆಗಾಲ ನೀಲಿ ಹಾಸುವ ಪುಟ್ಟ ಹೂ, ಮಲಯಾಳದಲ್ಲಿ ಕಾಕ್ಕಪ್ಪೂ ಅಂತಾರೆ, ಯುಟ್ರಿಕ್ಯುಲೇರಿಯಾ, ಅದನ್ನು ಟ್ರೇಯಲ್ಲಿ ಬೆಳೆಸುವ ಹುಚ್ಚು ಹಿಡೀತು. ಸ್ವಲ್ಪ ಗೊಬ್ಬರ ಕೊಟ್ಟೆ, ಅಲ್ಲೇ ಕೆಟ್ಟದ್ದು. ಸತ್ವ ಇಲ್ಲದ ಮಣ್ಣು ಅಂತಲೇ ಅದು ಸಣ್ಣ ಚೀಲದಲ್ಲಿ ಹುಳ ಹಿಡಿದು ತಿನ್ನುವುದು, ಗೊಬ್ಬರ ಸಿಕ್ಕಿದ ಕೂಡಲೇ ಹುಲ್ಲು ಬಂದು ಅದನ್ನು ಮುಚ್ಚಿಬಿಟ್ಟಿತು. ಎರಡು ಮಳೆಗಾಲ ವೇಸ್ಟ್. ಆಮೇಲೆ ಸೈಟಲ್ಲಿ ನೀರು ನಿಲ್ಲುವಲ್ಲಿ ಬಣ್ಣ ಹಾಕಿದ್ದೆನಲ್ಲ, ಅಂಥ ಒಂದು ತಗ್ಗನ್ನು ಏನೂ ತುಂಬಿಸದೆ ಬಿಟ್ಟು, ಮೇ ತಿಂಗಳಲ್ಲಿ ನಮ್ಮ ಪಾದೆಯ ಮೇಲಿನ ಮಣ್ಣು ಎರಡು ಹಿಡಿ ಕೆರೆದು ತಂದು ಉದುರಿಸಿದೆ. ಮೊದಲ ವರ್ಷ ಇಲ್ಲ. ಹೋದ ಆಗಸ್ಟಲ್ಲಿ ನಾಲ್ಕೈದು ಚದರಡಿ ನೀಲಿ ಬಂತು. ಮನೆಯ ಮಕ್ಕಳು ಓಣಂನ ಹೂವಿನ ರಂಗೋಲಿ ಪೂಕಳಕ್ಕೆ ಅಂತ ಅರ್ಧ ಕೊಯ್ದೇ ಬಿಟ್ರು.

ಈಗ ಕೈಯಲ್ಲಿ ಇರುವುದು ಮೀಯಪದವು ಕಡೆ ಒಂದು ಹಳೇ ಕಲ್ಲಿನ ಕೋರೆ, ಹತ್ತಡಿ ಆಳ, ನಾಲ್ಕು ಸುತ್ತೂ ಸೀದಾ ಗೋಡೆ, ತಳದಲ್ಲಿ ನವೆಂಬರ್ ತನಕ ನೀರು. ನನ್ನ ತೂತಿನ ವಿದ್ಯೆ ಅಲ್ಲಿ ನಡೆಯುವುದಿಲ್ಲ, ನೀರು ಬಿಡ್ಲಿಕ್ಕೆ ತಗ್ಗೇ ಇಲ್ಲ. ಇನ್ನೂ ರೇಟ್ ಹೇಳ್ಲಿಲ್ಲ ಅವರಿಗೆ. ಕುಂಟಾಲ ಹಣ್ಣಾಗ್ಲಿಕ್ಕೆ ಶುರುವಾಗಿದೆ, ಹಕ್ಕಿಗಳು ಮುಗಿಸುವ ಮೊದಲು ಎರಡು ಬಕೆಟ್ ಕೊಯ್ದಿಡ್ಬೇಕು, ನಾಳೆ ಬೆಳಿಗ್ಗೆ ಅಜ್ಜನಿಗೆ ಬರ್ಲಿಕ್ಕೆ ಹೇಳಿದ್ದೇನೆ.